ಪುಸ್ತಕದಂಗಡಿ ಮುಚ್ಚಿದಾಗ ಓದೋರಿಗೆ ನಿಜವಾಗಿ ಹೋಗೋದು ಏನು?

ಲಾಳಿ_ಮಗ್ಗ

ತುಂಬ ದಿನದಿಂದ ಇದನ್ನ ಬರೀಬೇಕು ಅನ್ಕೊಂಡಿದ್ದೆ. ಉದ್ದ ಆಗತ್ತೆ, ಪುರುಸೊತ್ತಿದ್ರೆ ಓದಿ.

ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸ್ತಿದ್ದೋರು. ನಾನು ಬೆಂಗ್ಳೂರಲ್ಲಿ ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಾಗಿತ್ತು, 2009ರ ಮಳೆಗಾಲ, ಒಂದಿನ ಸಂಜೆ ಜೋರು ಮಳೆ ಹಿಡ್ಕೊಂತು ಅಂತ ಮೆಜೆಸ್ಟಿಕ್ ಕಡೆ ಒಂದು ಪುಸ್ತಕದಂಗಡಿ ಒಳಗೆ ಹೋದೆ. ಏನೂ ತಗೊಳ್ಳೋ ಯೋಚನೆ ಇರ್ಲಿಲ್ಲ. ಮಳೆ ನಿಲ್ಲೋ ಹಾಗೆ ಕಾಣ್ಲಿಲ್ಲ, ಎಷ್ಟೊತ್ತು ಬಾಗಿಲಲ್ಲೇ ನಿಂತಿರೋದು ಅಂತ ಒಳಗಿನ ರ‍್ಯಾಕ್ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಳೆದು ನೋಡ್ತಾ ಇದ್ದೆ. ಎಲ್ಲಕ್ಕಿಂತ ಕೆಳಗಿನ ಸಾಲಲ್ಲಿ ಗೋಡೆಗೆ ಒತ್ಕೊಂಡು ಒಂದು ತೆಳ್ಳನೆ ಪುಸ್ತಕ ಸಿಕ್ತು, ನೇಕಾರಿಕೆಯ ಪದಗಳ ಕೋಶ. ಹಾಸು, ಹೊಕ್ಕು, ಲಾಳಿ, ಅಚ್ಚು, ನಮ್ಮನೇಲಿ ದಿನಾ ಕೇಳೋ ಮಾತೆಲ್ಲ ಅಕಾರಾದಿಯಾಗಿ, ಒಂದೊಂದಕ್ಕೂ ಅರ್ಥ. ಅಪ್ಪನ ಬಾಯಲ್ಲಿ ಬಿಟ್ರೆ ಬೇರೆ ಎಲ್ಲೂ ಆ ಪದಗಳನ್ನ ನಾನು ಕೇಳಿರ್ಲಿಲ್ಲ, ಅಚ್ಚಾಗಿ ನೋಡೋದಂತೂ ದೂರದ ಮಾತು.

ಬೆಲೆ 18 ರೂಪಾಯಿ ಅಂತ ಅಚ್ಚಾಗಿತ್ತು. ಕೊನೆ ಪುಟದ ಮೂಲೇಲಿ ಪೆನ್ಸಿಲ್ಲಲ್ಲಿ ಸಣ್ಣಕ್ಕೆ 3/98 ಅಂತ ಬರೆದಿದ್ರು. ಏನ್ ಸರ್ ಇದು ಅಂತ ಕೇಳಿದ್ದಕ್ಕೆ ಅಂಗಡಿ ಯಜಮಾನ್ರು ಕನ್ನಡಕ ಮೇಲೆತ್ತಿ ನೋಡಿ, ಅದು ನಮ್ಮಂಗಡಿಗೆ ಬಂದ ತಿಂಗಳು ಕಣಪ್ಪ, ಹನ್ನೊಂದು ವರ್ಷ ಆಯ್ತು, ಕೇಳ್ಕೊಂಡು ಬಂದವನು ನೀನೇ ಮೊದಲು ಅಂದ್ರು. ಹದಿನೆಂಟೇ ರೂಪಾಯಿ ತಗೊಂಡ್ರು. ಮೇಲೆ ಹೊಸ ಬೆಲೆ ಸ್ಟಿಕ್ಕರ್ ಅಂಟಿಸಿರ್ಲಿಲ್ಲ.

ಅಪ್ಪ ಅದನ್ನ ಓದಿದ ರೀತಿ ನಾನು ಸಾಯೋವರೆಗೂ ಮರೆಯಲ್ಲ. ಗೊತ್ತಿರೋ ಪದಕ್ಕೆ ಪೆನ್ಸಿಲ್ಲಲ್ಲಿ ಟಿಕ್, ಅರ್ಥ ಸರಿಯಿಲ್ಲ ಅನ್ಸಿದ್ರೆ ಅಡ್ಡಗೆರೆ, ಬಿಟ್ಟು ಹೋದ ಪದ ಪಕ್ಕದ ಮಾರ್ಜಿನ್ನಲ್ಲಿ. ಏಳನೇ ಕ್ಲಾಸ್ ಓದಿದ ಮನುಷ್ಯ ಒಂದು ಕೋಶ ತಿದ್ದಿದ್ರು. ಅಪ್ಪ ಈಗಿಲ್ಲ. ಆ ಪುಸ್ತಕ ಊರಲ್ಲಿ ತಮ್ಮನ ಹತ್ರ ಇದೆ, ಮೊದಲ ಹದಿನಾರು ಪುಟ ಗೆದ್ದಲು ತಿಂದಿದೆ. ಇನ್ನೊಂದು ಪ್ರತಿಗೆ ಮೂರು ವರ್ಷದಿಂದ ಹುಡುಕ್ತಾ ಇದೀನಿ. ಆನ್‌ಲೈನಲ್ಲಿ ಹೆಸರು ಕೂಡ ಬರಲ್ಲ. ಆ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಶೋರೂಂ.

ಅಂಗಡಿ ಮುಚ್ಚಿದಾಗೆಲ್ಲ ಜನ ಅಲ್ಲಿನ ವಾತಾವರಣ ಹೋಯ್ತು, ಹರಟೆ ಹೋಯ್ತು ಅಂತ ಬರೀತಾರೆ. ನಂಗೆ ಅನ್ಸೋದು ಇಷ್ಟು. ಯಾರೂ ಕೇಳದಿರೋ ಪುಸ್ತಕ ಹನ್ನೊಂದು ವರ್ಷ ಕಾಯೋದಕ್ಕೆ ಒಂದು ಜಾಗ ಇತ್ತು, ಆ ಜಾಗ ಹೋಯ್ತು. ನಿಮಗೇನು ಹೋಗಿದೆ ಹೇಳಿ.

ಚರ್ಚ್‌ಸ್ಟ್ರೀಟ್_ಕಾಲುದಾರಿ

ಸರ್, ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ನೀವು ಹೇಳಿದ ಕಾಯೋ ಜಾಗ ಅಂದ್ರೆ ನನ್ ಕಣ್ಣಿಗೆ ಬರೋದು ಪ್ರೀಮಿಯರ್. ಮ್ಯೂಸಿಯಂ ರೋಡು, ಚರ್ಚ್ ಸ್ಟ್ರೀಟ್ ಸೇರೋ ಕಡೆ ಇತ್ತು, ಟಿ.ಎಸ್. ಶಾನಭಾಗರು 1971ರಲ್ಲಿ ಶುರು ಮಾಡಿದ್ದು. ಪುಟಾಣಿ ಅಂಗಡಿ, ನೆಲದಿಂದ ಮೇಲಿನವರೆಗೂ ಪುಸ್ತಕದ ರಾಶಿ, ಇಬ್ರು ಎದುರುಬದುರಾದ್ರೆ ಒಬ್ರು ಹಿಂದಕ್ಕೆ ಹೋಗ್ಬೇಕಿತ್ತು. ರಾಶಿ ಮಧ್ಯ ಎಲ್ಲಿ ಏನಿದೆ ಅಂತ ಅವರಿಗೊಬ್ಬರಿಗೇ ಗೊತ್ತು, ಕೇಳಿದ್ರೆ ಎದ್ದು ಬಂದು ಸೀದಾ ಆ ಜಾಗಕ್ಕೆ ಕೈ ಹಾಕ್ತಿದ್ರು. ಕಾಲೇಜಲ್ಲಿದ್ದಾಗ ನನ್ ಹತ್ರ ದುಡ್ಡು ಕಮ್ಮಿ ಅಂತ ಮುಖ ನೋಡೇ ಗೊತ್ತಾಗ್ತಿತ್ತೇನೋ, ನಾನು ಬಾಯಿಬಿಟ್ಟು ಕೇಳೋಕ್ ಮುಂಚೆನೇ ಬಿಲ್ಲಲ್ಲಿ ಇಳಿಸಿರ್ತಿದ್ರು. 2009ರಲ್ಲಿ ಬಾಗಿಲು ಹಾಕಿದ್ರು. 2021ರ ಮೇನಲ್ಲಿ, ಕೋವಿಡ್ ಜೋರಾಗಿದ್ದಾಗ ತೀರ್ಕೊಂಡ್ರು. ಆಗ ಹೋಗಿ ಕೈ ಮುಗಿಯೋಕೂ ಆಗ್ಲಿಲ್ಲ ನಮಗೆ.

ಎಂ.ಜಿ. ರೋಡಲ್ಲಿ ಗಂಗಾರಾಮ್ಸ್ ಇತ್ತು, ಅದೂ ಹೋಯ್ತು. ಮಣಿಪಾಲ್ ಸೆಂಟರ್‌ನ ಸ್ಟ್ರ್ಯಾಂಡ್ ಹೋಯ್ತು. ಫೋರಂ ಮಾಲಿನ ಲ್ಯಾಂಡ್‌ಮಾರ್ಕ್ ಹೋಯ್ತು, ಅದು ದೊಡ್ಡ ಕಂಪನಿ ಅಂಗಡಿ, ಆದ್ರೂ ಭಾನುವಾರ ಮಕ್ಕಳು ನೆಲದ ಮೇಲೆ ಕೂತು ಓದ್ತಿದ್ದಿದ್ದು ನೆನಪಿದೆ.

ಅವೆನ್ಯೂ_ರೋಡ್_ಹಳಬ

ಎಲ್ಲಾ ಹೋಯ್ತು ಅನ್ಬೇಡಿ ದಯವಿಟ್ಟು. ಸೆಲೆಕ್ಟ್ 1945ರಿಂದ ಇದೆ, ಬ್ರಿಗೇಡ್ ರೋಡ್ ಪಕ್ಕದ ಗಲ್ಲೀಲಿ, ಹೋಗಿ ಒಂದ್ಸಲ ನೋಡಿ. ಬ್ಲಾಸಂ 2002ರಲ್ಲಿ ಶುರುವಾಗಿದ್ದು, ಮಾಯಿಗೌಡ್ರು ಇಂಜಿನಿಯರ್ ಆಗಿದ್ದೋರು, ಫುಟ್‌ಪಾತಲ್ಲಿ ಪುಸ್ತಕ ಮಾರಿ ಮೇಲೆ ಬಂದೋರು. ಬುಕ್‌ವರ್ಮ್ ಇದೆ. ಶನಿವಾರ ಸಂಜೆ ಚರ್ಚ್ ಸ್ಟ್ರೀಟಲ್ಲಿ ಕಾಲಿಡೋಕೆ ಜಾಗ ಇರಲ್ಲ, ಎಲ್ಲಾ ಚಿಕ್ಕ ವಯಸ್ಸಿನವರು. ಓದೋರಿಲ್ಲ ಅನ್ನೋ ಮಾತು ನಾನು ಒಪ್ಪಲ್ಲ.

ಕನ್ನಡಕ್ಕೆ ಬಂದ್ರೆ 1967ರಲ್ಲಿ ಗಾಂಧಿನಗರದಲ್ಲಿ ಶುರುವಾದ ಸಪ್ನಾ ಇದೆ, ನವಕರ್ನಾಟಕ ಇದೆ, ಗಾಂಧಿ ಬಜಾರಲ್ಲಿ ಅಂಕಿತ ಇದೆ, ಬಳೇಪೇಟೇಲಿ ಸಾಹಿತ್ಯ ಭಂಡಾರ ಇದೆ. ಇರೋದನ್ನ ಬಿಟ್ಟು ಹೋದದ್ದಕ್ಕೆ ಅತ್ಕೊಂಡು ಕೂತ್ರೆ ಇರೋದೂ ಹೋಗತ್ತೆ.

ಲಾಳಿ ಸರ್, ಆ ಪುಸ್ತಕದ ಮುಖಪುಟದ ಫೋಟೋ ಇದ್ರೆ ಹಾಕಿ. ನಾನು ವಾರಕ್ಕೆರಡು ದಿನ ಪೇಟೆ ಕಡೆ ಹೋಗ್ತೀನಿ.

ಲಾಳಿ_ಮಗ್ಗ

ಹಾಕಿದೀನಿ ಸರ್, ತಮ್ಮ ಈಗಷ್ಟೇ ಕಳಿಸಿದ. ರಕ್ಷಾಪುಟ ಹರಿದಿದೆ, ಹೆಸರು ಕಾಣತ್ತೆ.

ಕೌಂಟರ್_ಹಿಂದಿನವನು

ನಾನು ಒಂದು ಪುಸ್ತಕದಂಗಡೀಲಿ ಒಂಬತ್ತು ವರ್ಷ ಕೆಲಸ ಮಾಡಿದೀನಿ. ಹೊರಗಡೆಯವರಿಗೆ ಕಾಣದಿರೋ ಲೆಕ್ಕ ಸ್ವಲ್ಪ ಹೇಳ್ತೀನಿ.

200 ರೂಪಾಯಿ ಪುಸ್ತಕ ಅಂತ ಇಟ್ಕೊಳ್ಳಿ. ನಮಗೆ ಪ್ರಕಾಶಕರು ಕೊಡ್ತಿದ್ದಿದ್ದು 35 ಪರ್ಸೆಂಟ್ ಆಸುಪಾಸು ಕಮಿಷನ್, ಅಂದ್ರೆ 70 ರೂಪಾಯಿ. ಗಿರಾಕಿ ಮೊಬೈಲ್ ತೆಗೆದು ಇಲ್ಲಿ 20 ಪರ್ಸೆಂಟ್ ಕಮ್ಮಿ ಇದೆ ನೋಡಿ ಅಂತ ತೋರಿಸ್ತಾರೆ. ನಾವು ಹತ್ತು ಪರ್ಸೆಂಟ್ ಬಿಟ್ರೆ ಉಳಿಯೋದು 50. ಅದ್ರಲ್ಲೇ ಬಾಡಿಗೆ, ಕರೆಂಟು, ನನ್ ಸಂಬಳ, ಲಾರಿ ಚಾರ್ಜು. ಫ್ಲಿಪ್‌ಕಾರ್ಟ್ 2007ರಲ್ಲಿ ಶುರುವಾಗಿದ್ದು ಇದೇ ಬೆಂಗ್ಳೂರಲ್ಲಿ, ಮೊದಲು ಮಾರಿದ್ದೂ ಪುಸ್ತಕವೇ. ಆನ್‌ಲೈನ್ ಕಂಪನಿಗಳಿಗೆ ಪುಸ್ತಕ ಅನ್ನೋದು ಗಿರಾಕಿ ಕರೆಯೋ ದಾರಿ, ಪುಸ್ತಕದಲ್ಲಿ ಬಿಟ್ಟ ದುಡ್ಡನ್ನ ಬೇರೆ ಸಾಮಾನಲ್ಲಿ ಎತ್ಕೋಬಹುದು. ನಮ್ಮ ಹತ್ರ ಇದ್ದಿದ್ದು ಪುಸ್ತಕ ಒಂದೇ.

ಆದ್ರೆ ಲಾಳಿ ಸರ್ ಹೇಳಿದ್ರಲ್ಲ ಕಾಯೋ ಜಾಗ ಅಂತ, ಅದು ಅಂಗಡಿ ಮುಚ್ಚೋ ದಿನ ಹೋಗೋದಲ್ಲ ಸರ್, ಅದಕ್ಕಿಂತ ನಾಲ್ಕೈದು ವರ್ಷ ಮುಂಚೆನೇ ಹೋಗಿರತ್ತೆ. ನಮ್ಮಲ್ಲಿ ಬಾಡಿಗೆ ಒಂದೇ ಸಲ ಏರಿದ ವರ್ಷ ಯಜಮಾನ್ರು ಒಂದು ಪಟ್ಟಿ ಮಾಡಿಸಿದ್ರು. ಎರಡು ವರ್ಷದಲ್ಲಿ ಒಂದು ಪ್ರತೀನೂ ಹೋಗದಿರೋದೆಲ್ಲ ತೆಗಿ ಅಂದ್ರು. ಆ ಕೆಲಸ ನಂಗೆ ಬಿತ್ತು. ಕಿಟಕಿ ಪಕ್ಕದ ರ‍್ಯಾಕಿಂದ ಒಂದು ಪುಸ್ತಕ ಎಳೆದ್ರೆ ಅದರ ಬೆನ್ನು ಬಿಸಿಲಿಗೆ ಬಿಳಿಚ್ಕೊಂಡಿರೋದು, ರಟ್ಟಿನ ಮೇಲೆ ಪಕ್ಕದ ಪುಸ್ತಕ ಒತ್ಕೊಂಡಿದ್ದಷ್ಟು ಜಾಗದಲ್ಲಿ ಮಾತ್ರ ಅಸಲಿ ಬಣ್ಣ ಹಾಗೇ ಇರೋದು, ಪಕ್ಕದ್ದು ಎಷ್ಟು ಎತ್ತರ ಇತ್ತು ಅಂತ ಗೆರೆ ಹೊಡೆದ ಹಾಗೆ. ಸೇಲ್ ಆರ್ ರಿಟರ್ನ್ ಮೇಲೆ ಬಂದಿದ್ದನ್ನ ವಾಪಸ್ ಕಟ್ಟಿದ್ವಿ. ನಗದು ಕೊಟ್ಟು ತಗೊಂಡಿದ್ದನ್ನ ಅರ್ಧ ಬೆಲೆಗೆ ಮೇಜಿನ ಮೇಲೆ ಸುರಿದ್ವಿ, ಆಮೇಲೂ ಉಳಿದಿದ್ದು ತೂಕಕ್ಕೆ ಹೋಯ್ತು. ಜಾನಪದ, ಊರಿನ ಇತಿಹಾಸ, ಶಾಸನ, ಕೃಷಿ, ಪದಕೋಶ, ಎಲ್ಲಾ ಮೊದಲು ಹೋದವು. ಆ ರ‍್ಯಾಕಲ್ಲಿ ಕೆಎಎಸ್ ಗೈಡು, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ, ಪೆನ್ನು, ಮಕ್ಕಳ ಆಟಿಕೆ ಬಂದ್ವು.

ಯಜಮಾನ್ರನ್ನ ನಾನು ದೂರಲ್ಲ. ಅವರ ಕಣ್ಣಲ್ಲಿ ನೀರು ಬಂದಿದ್ದು ನಾನು ನೋಡಿದೀನಿ. ಮೂರಡಿ ರ‍್ಯಾಕಿಗೂ ಬಾಡಿಗೆ ಕಟ್ಟಬೇಕಲ್ಲ ಸರ್.

ಮಲೆನಾಡ_ಮೇಡಂ

ನಾನು ತೀರ್ಥಹಳ್ಳಿ ಕಡೆ ಒಂದು ಹೈಸ್ಕೂಲಲ್ಲಿ ಟೀಚರ್. ನಿಮ್ಮೆಲ್ಲರ ಬೇಜಾರು ಅರ್ಥ ಆಗ್ತದೆ, ಆದ್ರೆ ಒಂದು ಮಾತು ಹೇಳ್ಲೇಬೇಕು. ನಿಮಗೆ ಹೋಗಿದ್ದು ನಮಗೆ ಯಾವತ್ತೂ ಇರ್ಲೇ ಇಲ್ಲ ಮಾರಾಯ್ರೆ. ನಮ್ಮಲ್ಲಿ ಬುಕ್ ಸ್ಟಾಲ್ ಅಂದ್ರೆ ನೋಟ್ ಬುಕ್ಕು, ಜಾಮೆಟ್ರಿ ಬಾಕ್ಸು, ವಾರಪತ್ರಿಕೆ. ಕಾದಂಬರಿ ಬೇಕಂದ್ರೆ ಶಿವಮೊಗ್ಗ ಬಸ್ ಹತ್ತಬೇಕಿತ್ತು. 2023ರ ಜನವರೀಲಿ ಹಾವೇರಿ ಸಾಹಿತ್ಯ ಸಮ್ಮೇಳನಕ್ಕೆ ಹೋಗಿದ್ದೆ, ಗೋಷ್ಠಿ ಒಂದೂ ಕೇಳ್ಲಿಲ್ಲ, ಎರಡು ದಿನ ಪುಸ್ತಕ ಮಳಿಗೇಲೇ ಇದ್ದೆ, ಎರಡು ಚೀಲ ಹೊತ್ಕೊಂಡು ಬಂದೆ. ಅಷ್ಟು ಪುಸ್ತಕ ಒಟ್ಟಿಗೆ ಮುಟ್ಟಿ ನೋಡೋ ಅವಕಾಶ ನಂಗೆ ವರ್ಷಕ್ಕೊಂದ್ಸಲ.

ಈಗ ಪ್ರಕಾಶಕರಿಗೆ ವಾಟ್ಸಾಪ್ ಮಾಡಿದ್ರೆ ನಾಲ್ಕು ದಿನಕ್ಕೆ ಪೋಸ್ಟ್‌ಮ್ಯಾನ್ ತಂದ್ಕೊಡ್ತಾರೆ. ಮೈಲ್ಯಾಂಗ್, ಋತುಮಾನ ಆ್ಯಪಲ್ಲಿ ರಾತ್ರಿ ಹನ್ನೊಂದಕ್ಕೂ ಇ-ಬುಕ್ ತಗೊಳ್ತೇನೆ. ನನ್ನಂಥವರಿಗೆ ಇದು ದೊಡ್ಡ ವರ. ಆನ್‌ಲೈನನ್ನ ಬೈಯೋ ಮುಂಚೆ ನಮ್ಮನ್ನೂ ಒಂದ್ಸಲ ನೆನೆಸ್ಕೊಳ್ಳಿ.

ಲಾಳಿ_ಮಗ್ಗ

ಮೇಡಂ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಆ ಕಡೆ ಯೋಚನೆನೇ ಮಾಡಿರ್ಲಿಲ್ಲ, ಕ್ಷಮಿಸಿ. ಒಂದು ಕೇಳ್ಬೇಕು. ಹಾವೇರಿಯಿಂದ ತಂದ ಎರಡು ಚೀಲದಲ್ಲಿ ಮೊದಲೇ ಹೆಸರು ಗೊತ್ತಿದ್ದ ಪುಸ್ತಕ ಎಷ್ಟು?

ಮಲೆನಾಡ_ಮೇಡಂ

ಈಗ ಎದ್ದು ಹೋಗಿ ಕಪಾಟು ನೋಡ್ಕೊಂಡು ಬಂದೆ. ಮೂವತ್ತೆರಡರಲ್ಲಿ ಒಂಬತ್ತು. ಉಳಿದದ್ದೆಲ್ಲ ಅಲ್ಲೇ ಕಣ್ಣಿಗೆ ಬಿದ್ದಿದ್ದು. ನಿಮ್ಮ ಮಾತು ಎಲ್ಲಿಗೆ ಹೋಗ್ತಾ ಉಂಟು ಅಂತ ಗೊತ್ತಾಯ್ತು, ಒಪ್ತೇನೆ. ವಾಟ್ಸಾಪಲ್ಲಿ ತರಿಸಿದ್ದು ಎಲ್ಲಾ ಯಾರೋ ಹೇಳಿದ್ದು, ಎಲ್ಲೋ ಓದಿದ್ದು. ಗೊತ್ತಿಲ್ಲದ್ದನ್ನ ಕೇಳೋದು ಹೇಗೆ ಅಲ್ವಾ.

ಧಾರವಾಡದಾಂವ

ಮೇಡಂ ಅಂದದ್ದು ಖರೇ ಅದ ನೋಡ್ರಿ. ಆದ್ರ ಅಂಗಡಿ ಅಂದ್ರ ಬರೇ ಮಾರೂದು ಅಷ್ಟೇ ಅಲ್ರಿ. ನಮ್ಮ ಸುಭಾಸ ರೋಡಿನ್ಯಾಗ ಮನೋಹರ ಗ್ರಂಥಮಾಲಾದ ಅಟ್ಟ ಅದ, ಜಿ.ಬಿ. ಜೋಶಿಯವರು 1933ರಾಗ ಚಾಲೂ ಮಾಡಿದ ಸಂಸ್ಥಾ. ಕಾರ್ನಾಡರ ಯಯಾತಿ ಪ್ರಕಟ ಆದದ್ದು ಅಲ್ಲಿಂದನ, 1961ರಾಗ. ಕಟಗೀ ಪಾವಟಿಗಿ ಹತ್ತಿ ಮ್ಯಾಲ ಹೋದ್ರ ಯಾರರೆ ಕುಂತಿರತಿದ್ರು, ಬರಿಯಾವ್ರು, ಓದಾವ್ರು, ಪ್ರೂಫ್ ತಿದ್ದಾವ್ರು. ಪುಸ್ತಕ ತೊಗೊಳಾಕ ಹೋದಾಂವ ಎರಡು ತಾಸು ಮಾತು ಕೇಳಿ ಬರತಿದ್ದ. ನಾ ಕಾಲೇಜಿನ್ಯಾಗ ಇದ್ದಾಗ ಅಲ್ಲಿ ಕಲ್ತದ್ದು ಕ್ಲಾಸಿನ್ಯಾಗ ಕಲೀಲಿಲ್ಲ ಅಂತ ಎದಿ ಮ್ಯಾಲ ಕೈ ಇಟ್ಟು ಹೇಳ್ತೀನಿ.

ಕೆಂಪೇಗೌಡನಗರ್_ಕಿರಣ್

ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಯಾರೂ ಕೇಳದ ಪುಸ್ತಕವನ್ನ ಹನ್ನೊಂದು ವರ್ಷ ಇಟ್ಕೊಳ್ಳೋದು ವ್ಯಾಪಾರಿ ಕೆಲಸನಾ? ಅದು ಲೈಬ್ರರಿ ಕೆಲಸ ಅಲ್ವಾ? ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಮೇಲೆ 6 ಪರ್ಸೆಂಟ್ ಸೆಸ್ ಕಟ್ತೀವಿ ನಾವು, ಮನೆ ಇರೋ ಎಲ್ರೂ. ಕಬ್ಬನ್ ಪಾರ್ಕಲ್ಲಿ ಅಷ್ಟು ಚೆಂದದ ಶೇಷಾದ್ರಿ ಅಯ್ಯರ್ ಹಾಲ್ ಇದೆ, ಸರ್ಕಾರದ ಕೇಂದ್ರ ಗ್ರಂಥಾಲಯ. ಅಂಗಡಿ ಉಳಿಸಿ ಅನ್ನೋದಕ್ಕಿಂತ ಅಲ್ಲಿಗೆ ಪುಸ್ತಕ ಹೋಗತ್ತಾ ಅಂತ ಕೇಳೋದು ಒಳ್ಳೇದು ಅನ್ಸತ್ತೆ.

ಲಾಳಿ_ಮಗ್ಗ

ಕಿರಣ್, ಬೇಜಾರೇನಿಲ್ಲ, ಒಳ್ಳೇ ಪ್ರಶ್ನೆ. ಲೈಬ್ರರಿ ಬೇಕೇ ಬೇಕು. ಆದ್ರೆ ಲೈಬ್ರರಿ ಪುಸ್ತಕದ ಮಾರ್ಜಿನ್ನಲ್ಲಿ ನಮ್ಮಪ್ಪ ಬರೀಬಹುದಿತ್ತಾ? ಹದಿನೈದು ದಿನಕ್ಕೆ ವಾಪಸ್ ಕೊಡ್ಬೇಕಿತ್ತು. ಅವರು ಅದನ್ನ ಒಂದು ವರ್ಷ ಮಗ್ಗದ ಪಕ್ಕ ಇಟ್ಕೊಂಡಿದ್ರು, ಒಂದು ಪದ ನೆನಪಾದ್ರೆ ಕೈ ಒರೆಸ್ಕೊಂಡು ಬಂದು ಬರೀತಿದ್ರು. ಸ್ವಂತದ್ದು ಅಂತ ಒಂದು ಪುಸ್ತಕ ಮನೇಲಿ ಇರ್ಬೇಕು ಅಂದ್ರೆ ಎಲ್ಲೋ ಮಾರ್ತಾ ಇರ್ಬೇಕು.

ಮುಂಬೈ_ಕನ್ನಡತಿ

ಪ್ರೀಮಿಯರ್ ಶಾನಭಾಗರ ಮಾತು ಬಂತಲ್ಲ, ಅವರು ಕೆಲಸ ಕಲಿತಿದ್ದು ನಮ್ಮ ಮುಂಬೈನಲ್ಲಿ, ಅವರ ಸಂಬಂಧಿಕರೇ ಆದ ಟಿ.ಎನ್. ಶಾನಭಾಗರ ಸ್ಟ್ರ್ಯಾಂಡ್ ಬುಕ್ ಸ್ಟಾಲಲ್ಲಿ. 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಸಿನಿಮಾ ಥಿಯೇಟರ್ ಒಳಗೆ ಒಂದು ಸಣ್ಣ ಮೂಲೇಲಿ ಶುರು ಮಾಡಿದ್ರು, ಆಮೇಲೆ ಫೋರ್ಟಿಗೆ ಬಂತು. ಯಾರೇ ಬರಲಿ 20 ಪರ್ಸೆಂಟ್ ರಿಯಾಯಿತಿ, ಹೊಸಬರು ಹಳಬರು ಅಂತಿಲ್ಲ. 2003ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ತಂದೆ ಆಫೀಸಿಗೆ ಸಿಹಿ ತಗೊಂಡು ಹೋಗಿದ್ರು, ನಮ್ಮೂರ ಕಡೆಯವರು ಅಂತ. 2018ರ ಫೆಬ್ರವರೀಲಿ ಸ್ಟ್ರ್ಯಾಂಡ್ ಮುಚ್ತು.

ಕೊನೆ ವಾರ ನಾನೂ ಹೋಗಿದ್ದೆ. ರ‍್ಯಾಕ್ ಖಾಲಿ ಆಗ್ತಾ ಇದ್ದವು, ಜನ ಕೈಗೆ ಸಿಕ್ಕಿದ್ದು ತಗೊಳ್ತಾ ಇದ್ರು. ನಂಗೆ ಒಂದು ವಿಷಯ ಈವತ್ತಿಗೂ ಕೊರೀತದೆ. ಅಲ್ಲಿ ಅವತ್ತು ಬಂದಿದ್ದ ಅಷ್ಟೂ ಜನ, ನಾನೂ ಸೇರಿ, ಅದಕ್ಕೆ ಮುಂಚಿನ ಎರಡು ವರ್ಷ ತಿಂಗಳಿಗೊಂದ್ಸಲ ಬಂದಿದ್ರೆ? ನಾನು ಬಂದಿರ್ಲಿಲ್ಲ. ಮನೇಲೇ ಕೂತು ಆರ್ಡರ್ ಮಾಡ್ತಿದ್ದೆ.

ಪುಟ್ಟ_ಪ್ರಕಾಶನ

ನಾನು ಮತ್ತೆ ನಮ್ಮ ಯಜಮಾನ್ರು ಸೇರಿ ಒಂದು ಸಣ್ಣ ಪ್ರಕಾಶನ ನಡೆಸ್ತೀವಿ. ಎಲ್ಲಾ ಅಂಗಡಿಯವರೂ ದೇವರು ಅಂತ ನಾನು ಹೇಳಲ್ಲ. ನಮ್ಮ ದುಡ್ಡು ಒಂದೂವರೆ ವರ್ಷ ಒಬ್ಬ ಅಂಗಡಿಯವರ ಹತ್ರ ನಿಂತಿತ್ತು, ಫೋನ್ ಮಾಡಿ ಮಾಡಿ ಸಾಕಾಯ್ತು. ನೇರವಾಗಿ ಓದುಗರಿಗೆ ಕಳಿಸೋಕೆ ಶುರು ಮಾಡಿದ ಮೇಲೇನೇ ನಾವು ಉಸಿರಾಡಿದ್ದು. ಮೊದಲು ಸಾವಿರ ಪ್ರತಿ ಹಾಕಿಸ್ತಿದ್ವಿ, ಈಗ ಮುನ್ನೂರು, ಬೇಕಾದ್ರೆ ಮತ್ತೆ ಹಾಕಿಸ್ತೀವಿ.

ಆದ್ರೆ ನೇರ ಮಾರಾಟದಲ್ಲಿ ಹೋಗೋದು ಹೊಸ ಪುಸ್ತಕ ಮಾತ್ರ. ಬಿಡುಗಡೆ ಆದ ಎರಡು ತಿಂಗಳು ಫೇಸ್‌ಬುಕ್ಕಲ್ಲಿ ಎಲ್ರೂ ಫೋಟೋ ಹಾಕ್ತಾರೆ, ಪಾರ್ಸಲ್ ಮಾಡಿ ಮಾಡಿ ಕೈ ನೋಯತ್ತೆ, ಮೂರನೇ ತಿಂಗಳು ಸದ್ದಿಲ್ಲ. ನಾವು 2012ರಲ್ಲಿ ತಂದ ಒಂದು ಪ್ರಬಂಧ ಸಂಕಲನ ಇದೆ, ನಂಗೆ ತುಂಬ ಇಷ್ಟದ್ದು. ಮೈಸೂರಿನ ಒಬ್ಬ ಅಂಗಡಿಯವರು ಅದನ್ನ ವರ್ಷಕ್ಕೆ ನಾಲ್ಕೈದು ಮಾರ್ತಿದ್ರು, ಯಾರಿಗೆ ಕೊಟ್ರೆ ಹಿಡಿಸತ್ತೆ ಅಂತ ಅವರಿಗೆ ಗೊತ್ತಿತ್ತು. ಅವರಿಗೆ ವಯಸ್ಸಾಯ್ತು, ಅಂಗಡಿ ನಿಲ್ಲಿಸಿದ್ರು. ಅವತ್ತಿಂದ ಆ ಪುಸ್ತಕ ಒಂದೂ ಹೋಗಿಲ್ಲ. ನಮ್ಮ ವೆಬ್‌ಸೈಟಲ್ಲಿ ಇದೆ, ಮೊದಲ ಪುಟದಲ್ಲೇ ಇದೆ.

ಲಿಯಾನ್_ಕನ್ನಡಿಗ

ನಾನು ಫ್ರಾನ್ಸಲ್ಲಿ ಇದೀನಿ, ಇಲ್ಲಿನ ಒಂದು ವಿಷಯ ಹೇಳ್ತೀನಿ, ಉಪಯೋಗ ಆಗ್ಬಹುದು. 1981ರಲ್ಲಿ ಇಲ್ಲೊಂದು ಕಾನೂನು ಬಂತು. ಹೊಸ ಪುಸ್ತಕದ ಬೆಲೆ ಪ್ರಕಾಶಕರು ನಿಗದಿ ಮಾಡ್ತಾರೆ, ಅದ್ರಲ್ಲಿ 5 ಪರ್ಸೆಂಟಿಗಿಂತ ಜಾಸ್ತಿ ಯಾರೂ ಬಿಡೋ ಹಾಗಿಲ್ಲ, ಸೂಪರ್ ಮಾರ್ಕೆಟ್ಟೂ ಅಷ್ಟೇ, ಆನ್‌ಲೈನೂ ಅಷ್ಟೇ. 2023ರ ಅಕ್ಟೋಬರಿಂದ 35 ಯೂರೋಗಿಂತ ಕಮ್ಮಿ ಆರ್ಡರಿಗೆ ಕನಿಷ್ಠ 3 ಯೂರೋ ಡೆಲಿವರಿ ಚಾರ್ಜ್ ಹಾಕ್ಲೇಬೇಕು. ನನ್ನ ಮನೆಯಿಂದ ಹತ್ತು ನಿಮಿಷದ ನಡಿಗೇಲಿ ಮೂರು ಪುಸ್ತಕದಂಗಡಿ ಇದಾವೆ. ಬೆಲೆ ಎಲ್ಲಾ ಕಡೆ ಒಂದೇ ಆದ್ರೆ ಜನ ಹತ್ರದ ಅಂಗಡಿಗೇ ಹೋಗ್ತಾರೆ, ಅಂಗಡಿಯವರು ಹೊಸ ಪುಸ್ತಕದಲ್ಲಿ ಸಿಕ್ಕ ಲಾಭದಲ್ಲಿ ನಿಧಾನಕ್ಕೆ ಹೋಗೋ ಪುಸ್ತಕನೂ ಇಟ್ಕೊಳ್ತಾರೆ.

ಕೌಂಟರ್_ಹಿಂದಿನವನು

ಅಬ್ಬಾ. ಆ 5 ಪರ್ಸೆಂಟ್ ನಿಯಮ ನಮ್ಮಲ್ಲಿದ್ದಿದ್ರೆ ನಾನು ಆ ಪಟ್ಟಿ ಮಾಡ್ತಾನೇ ಇರ್ಲಿಲ್ಲ ಅನ್ಸತ್ತೆ.

ಮಲೆನಾಡ_ಮೇಡಂ

ಡೆಲಿವರಿ ಚಾರ್ಜ್ ಕಡ್ಡಾಯ ಮಾಡಿದ್ರೆ ನಮ್ಮಂಥ ಊರಿನವರಿಗೆ ಕಷ್ಟ, ಅದೊಂದು ಬೇಡ. ರಿಯಾಯಿತಿಗೆ ಮಿತಿ ಹಾಕ್ಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ.

ಧಾರವಾಡದಾಂವ

ನಂದೂ ಒಪ್ಪಿಗಿ ಅದ. ನವೆಂಬರ್ ಬಂತಂದ್ರ ಕನ್ನಡ ಪುಸ್ತಕ ಪ್ರಾಧಿಕಾರದಾಗ ಅರ್ಧಾ ಬೆಲಿಗೆ ಕೊಡತಾರ, ಅದು ಛಲೋನ ಅದ, ಆದ್ರ ಉಳದ ಹನ್ನೊಂದು ತಿಂಗಳು ಅಂಗಡಿಯಾಂವ ಬದುಕಬೇಕಲ್ರಿ.

ಚರ್ಚ್‌ಸ್ಟ್ರೀಟ್_ಕಾಲುದಾರಿ

ಮುಂಬೈ ಮೇಡಂ ಬರೆದಿದ್ದು ನನ್ನನ್ನೂ ತಾಗ್ತು. ಈ ಥ್ರೆಡ್ ಓದಿದ ಮೇಲೆ ನಿನ್ನೆ ಗಾಂಧಿ ಬಜಾರಿಗೆ ಹೋಗಿದ್ದೆ, ಹೆಸರು ಬರ್ಕೊಂಡು ಹೋಗ್ಲಿಲ್ಲ. ಒಂದು ಗಂಟೆ ಇದ್ದೆ. ತುಮಕೂರು ಕಡೆಯ ಕೆರೆಗಳ ಬಗ್ಗೆ ಒಂದು ಪುಸ್ತಕ ಸಿಕ್ತು, ನಮ್ಮಜ್ಜಿ ಊರಿನ ಕೆರೆಗೆ ಅದ್ರಲ್ಲಿ ಒಂದು ಇಡೀ ಪುಟ ಇದೆ, ತೂಬು ಯಾರು ಕಟ್ಟಿಸಿದ್ದು ಅಂತ ಸಮೇತ. ನಿನ್ನೆ ಸಂಜೆ ಐದರವರೆಗೂ ಅಂಥದ್ದೊಂದು ಪುಸ್ತಕ ಇದೆ ಅಂತಲೇ ನಂಗೆ ಗೊತ್ತಿರ್ಲಿಲ್ಲ.

ಅವೆನ್ಯೂ_ರೋಡ್_ಹಳಬ

ಲಾಳಿ ಸರ್, ನೋಡಿ ಇಲ್ಲಿ. ನಿಮ್ಮ ಫೋಟೋ ಇಟ್ಕೊಂಡು ಮೂರು ದಿನ ಸುತ್ತಿದೆ. ಅವೆನ್ಯೂ ರೋಡಲ್ಲಿ ಸಿಗ್ಲಿಲ್ಲ. ಈವತ್ತು ಬಳೇಪೇಟೆ ಒಳಗಿನ ಗಲ್ಲೀಲಿ ನಂಗೆ ಗುರುತಿರೋ ಒಬ್ರು ವಯಸ್ಸಾದ ಅಂಗಡಿಯವರಿಗೆ ತೋರಿಸಿದೆ. ಮೊಬೈಲನ್ನ ಕಣ್ಣ ಹತ್ರ ತಗೊಂಡು ನೋಡಿ, ಏನೂ ಮಾತಾಡ್ದೆ ಏಣಿ ಹತ್ತಿದ್ರು. ಅಟ್ಟದ ಮೇಲಿಂದ ಒಂದು ಕಟ್ಟು ಇಳಿಸಿ ಹುರಿ ಬಿಚ್ಚಿದ್ರು. ಎರಡು ಪ್ರತಿ ಇದೆ. ಅಂಚು ಸ್ವಲ್ಪ ಹಳದಿ ಆಗಿದೆ, ಮೊದಲ ಪುಟದಿಂದ ಕೊನೆವರೆಗೂ ನಾನೇ ತಿರುವಿ ನೋಡಿದೆ, ಒಂದು ಹಾಳೆನೂ ಹೋಗಿಲ್ಲ. ಬೆಲೆ ಅಚ್ಚಾಗಿರೋದೇ, 18 ರೂಪಾಯಿ.

ಭಾನುವಾರ ಅಂಗಡಿ ರಜಾ. ಶನಿವಾರ ಮಧ್ಯಾಹ್ನ ಊಟಕ್ಕೆ ಮುಚ್ತಾರೆ, ನಾಲ್ಕಕ್ಕೆ ತೆಗೀತಾರೆ.

ಲಾಳಿ_ಮಗ್ಗ

ಸರ್, ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ತಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿದೆ, ಅವನೂ ಬರ್ತಾನಂತೆ, ಅಪ್ಪನ ಪ್ರತಿ ತಗೊಂಡು. ಶನಿವಾರ ನಾಲ್ಕಕ್ಕೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೀವಿ. ಒಂದು ನಮಗೆ ಸಾಕು, ಇನ್ನೊಂದು ಅಲ್ಲೇ ಇರ್ಲಿ ಅಂತ ಅವರಿಗೆ ಹೇಳ್ತೀರಾ?